ಅಪ್ಪ ಬಿಷಪ್ ಆದ ಬೇಸಿಗೆ

ಟೇಲರ್ ಊರಿನ ಸುತ್ತ ಇನ್ನೂ ಹತ್ತಿಯ ಹೊಲಗಳೇ ಇದ್ದ ಕಾಲವದು. ಧಾರವಾಡದಿಂದ ದೇವಶಾಸ್ತ್ರ ಓದಲು ಆಸ್ಟಿನ್‌ಗೆ ಬಂದಿದ್ದ ಅಪ್ಪ, ಟೇಲರ್‌ನ ಪುಟ್ಟ ಎಪಿಸ್ಕೋಪಲ್ ಚರ್ಚಿನಲ್ಲಿ ಹದಿಮೂರು ವರ್ಷ ಪಾದ್ರಿಯಾಗಿದ್ದ. ನಾನು ಬೆಳೆದದ್ದೇ ಅದರ ಬೆಂಚುಗಳ ಕೆಳಗೆ ತೆವಳಾಡಿಕೊಂಡು. ಮೇಣದ ಬತ್ತಿ, ಹಳೆಯ ಹಾಡಿನ ಪುಸ್ತಕ, ಮಿಸ್ ರೂಥ್ ತರುತ್ತಿದ್ದ ಬಿಸಿ ಕೊಲಾಚಿ ಬನ್ನು ಎಲ್ಲ ಸೇರಿದ ವಾಸನೆಯೇ ನನ್ನ ಪಾಲಿಗೆ ಭಾನುವಾರ. ಎಂಬತ್ತು ದಾಟಿದ್ದ ರೂಥ್ ಚರ್ಚಿನ ಆರ್ಗನ್ ನುಡಿಸುತ್ತಿದ್ದರು. ಅಮ್ಮ ಕೊಟ್ಟ ಶೇಂಗಾ ಹೋಳಿಗೆಗೆ ಬೆಣ್ಣೆ ಸವರಿಕೊಂಡು ತಿನ್ನುತ್ತಿದ್ದರು. ನನಗೆ ಗೊತ್ತಿದ್ದ ಅಜ್ಜಿ ಅವರೊಬ್ಬರೇ.

ನನಗೆ ಹನ್ನೆರಡಾದಾಗ ಅಪ್ಪ ಬಿಷಪ್ ಆಗಿ ಆರಿಸಿಬಂದ. ನಾವು ಹ್ಯೂಸ್ಟನ್‌ಗೆ ಹೋದೆವು. ಬಿಷಪ್ ಆದವರು ತೊಡುವ ನೇರಳೆ ಅಂಗಿಯಲ್ಲಿ ಅಪ್ಪನನ್ನು ಕಂಡು ಅಮ್ಮ ಹಿಗ್ಗಿದ್ದು ಒಂದೇ ತಿಂಗಳು. ಮುಚ್ಚಬೇಕಾದ ಚರ್ಚುಗಳ ಪಟ್ಟಿ ಅವನ ಮೇಜಿಗೆ ಬಂತು. ಒಂಬತ್ತೇ ಜನ ಉಳಿದಿದ್ದ, ಸೂರು ಕುಸಿಯುತ್ತಿದ್ದ ಟೇಲರ್ ಚರ್ಚೂ ಅದರಲ್ಲಿತ್ತು.

"ನೀವ ಬಿಷಪ್ ಅಲ್ಲೇನ್ರೀ? ಅದೊಂದ್ ಹೆಸರು ಹೊಡದ್ ಹಾಕ್ರಿ," ಎಂದು ಅಮ್ಮ ಅಂಗಲಾಚಿದಳು.

"ನಂದಂತ ಅದನ್ನ ಬಿಟ್ಟು, ಉಳದವರದು ಹೆಂಗ ಮುಚ್ಚಲಿ?" ಎಂದ ಅಪ್ಪ ಊಟ ಬಿಟ್ಟು ಎದ್ದ.

ಕೊನೆಯ ಆರಾಧನೆಯ ದಿನ ಆಗಸ್ಟ್ ಬಿಸಿಲು ಸುಡುತ್ತಿತ್ತು. ಅಪ್ಪ ಕಾರಿನ ಬಳಿ ನಿಲುವಂಗಿ ತೊಡುತ್ತಿದ್ದಾಗ ನಾನು ಒಳಗೆ ಓಡಿದೆ. ಉಳಿದವರಿನ್ನೂ ಬಂದಿರಲಿಲ್ಲ, ರೂಥ್ ಒಬ್ಬರೇ ಇದ್ದರು. ನನ್ನ ಹಿಂದೆಯೇ ಬಾಗಿಲಿಗೆ ಅಗುಳಿ ಜಡಿದು, "ಅವನು ಒಳಗೆ ಬಂದು ಪ್ರಾರ್ಥನೆ ಓದದಿದ್ದರೆ ಹೇಗೆ ಮುಚ್ಚುತ್ತಾನೆ?" ಎಂದರು. ನನಗೂ ಅದು ಸರಿಯೆನಿಸಿತು.

ಅಪ್ಪ ಬಾಗಿಲು ಬಡಿದ. "ಬಾಗಲಾ ತಗೀ, ಮಗಾ."

"ನೋ, ಅಪ್ಪಾ! ಗೋ ಬ್ಯಾಕ್!"

ಏಸಿ ಎಂದೋ ಕೆಟ್ಟಿತ್ತು. ರೂಥ್ ಹಾಡಿನ ಮೇಲೆ ಹಾಡು ನುಡಿಸಿದರು. ಆಮೇಲೆ ಬೆರಳು ತಪ್ಪತೊಡಗಿದವು, ಮುಖ ಬಿಳಿಚಿತು, ಆರ್ಗನ್ ಮೇಲೆಯೇ ವಾಲಿದರು. ರೂಥ್ ಬಿದ್ದರೆಂದು ನಾನು ಕಿರುಚಿದೆ. ಅವರು ನನ್ನ ಮಣಿಕಟ್ಟು ಹಿಡಿದು, "ತೆಗೆಯಬೇಡ" ಎಂದು ಪಿಸುಗುಟ್ಟಿದರು.

"ಕೈ ಮುಗೀತೀನಿ, ಮಗಾ. ಅವರು ಸಾಯ್ತಾರ." ಅಪ್ಪ ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅವರ ಬೆರಳು ಬಿಡಿಸಿಕೊಂಡು ಹೋಗಿ ಅಗುಳಿ ಎಳೆದೆ.

ನೀರು ಕುಡಿಸಿದ ಮೇಲೆ ರೂಥ್ ಚೇತರಿಸಿಕೊಂಡರು. ಅಷ್ಟು ಹೊತ್ತೂ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲಿ ಕೂತಿದ್ದ ಅಪ್ಪ, ಆಮೇಲೆ ಎದ್ದು, ಮುಚ್ಚುವ ಪ್ರಾರ್ಥನೆಯನ್ನು ಓದಿದ. ಆ ವರ್ಷ ಕ್ರಿಸ್‌ಮಸ್‌ಗೆ ಮುಂಚೆಯೇ ರೂಥ್ ತೀರಿಕೊಂಡರು. ತಮ್ಮ ಮಣ್ಣಿಗೆ ಬಿಷಪ್ ಬರಕೂಡದೆಂದು ಬರೆದಿಟ್ಟಿದ್ದರು.

ಈಗ ಟೇಲರ್‌ಗೆ ಕಂಪ್ಯೂಟರ್ ಚಿಪ್ ಕಾರ್ಖಾನೆ ಬಂದಿದೆ, ಹತ್ತಿಯ ಹೊಲಗಳ ಮೇಲೆ ಮನೆಗಳೆದ್ದಿವೆ. ಬಿಷಪ್ ಪದವಿ ಬಿಟ್ಟ ಅಪ್ಪ ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿದ್ದಾನೆ. "ಎರಡ್ ವರ್ಷ ತಡದಿದ್ರ ಚರ್ಚು ತುಂಬತಿತ್ತು," ಎಂದು ಆಗಾಗ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಅಮ್ಮ ಮಾತ್ರ, ಅಂದು ನಾನು ಒಂದು ಜೀವ ಉಳಿಸಿದೆ ಎನ್ನುತ್ತಾಳೆ. ಉಳಿಸಿದ್ದು ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ರೂಥ್ ಒಂದು ಸಲವೂ ನನ್ನ ಫೋನ್ ಎತ್ತಲಿಲ್ಲ.