ಗೈಡ್ ಹುಡುಕಿಕೊಟ್ಟ ಮೇಡಂ

ಅಸಹ್ಯವಾದಾಗ ನಮ್ಮ ಮೇಡಂ ಅವರ ಮೂಗಿನ ಎಡಹೊಳ್ಳೆ ಮಾತ್ರ ಮೇಲೇರುತ್ತಿತ್ತು. ಬೈಗುಳ ಆಮೇಲೆ ಬರುತ್ತಿತ್ತು. ಕುಷ್ಟಗಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಅತಿಥಿ ಉಪನ್ಯಾಸಕಿ ಅವರು. ಕೊಪ್ಪಳದ ಪಕ್ಕದ ಭಾಗ್ಯನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಯಾರದೋ ನೋಟ್ಸ್ ಉರುಹೊಡೆದು ಉತ್ತರ ಬರೆದರೆ, "ಇದು ಯಾರ ಎಂಜಲಾ?" ಎಂದು ಎಲ್ಲರೆದುರೇ ಕೇಳುತ್ತಿದ್ದರು.

ಎಂ.ಎ. ಮುಗಿದ ಮೇಲೆ, ಪಿಎಚ್.ಡಿ.ಗೆ ಎಲ್ಲಿ ಅರ್ಜಿ ಹಾಕಲಿ ಎಂದು ಕೇಳಲು ಹನುಮಸಾಗರದಿಂದ ಅವರ ಮನೆಗೆ ಹೋದೆ. ಪಂಚಾಯಿತಿಯಲ್ಲಿ ಹೆಂಡತಿ ಅಧ್ಯಕ್ಷೆಯಾದರೂ ಕುರ್ಚಿಯಲ್ಲಿ ಗಂಡ ಕೂರುತ್ತಾನಲ್ಲ, ಅದರ ಬಗ್ಗೆ ಸಂಶೋಧನೆ ಮಾಡುವ ಆಸೆ ನನ್ನದು. ಹತ್ತಿರದ ವಿಶ್ವವಿದ್ಯಾಲಯದ ಒಬ್ಬ ಪ್ರೊಫೆಸರರ ಹೆಸರು ಹೇಳಿದೆ. ಗಂಗಾವತಿಯಲ್ಲಿ ಸಮಾನತೆಯ ಬಗ್ಗೆ ಅವರು ಮಾಡಿದ ಭಾಷಣಕ್ಕೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ. ಮೇಡಂ ಮೂಗು ಏರಿತು.

"ಭಾಷಣಾ ಕೇಳಿ ಅರ್ಜಿ ಹಾಕಬ್ಯಾಡವಾ. ಅವರ ಕೈಯಾಗಿನ ಹುಡುಗ್ರು ಹೆಂಗ ಅದಾರ, ಮನಿಗಿ ಹೋಗಿ ನೋಡೂಣು ನಡಿ."

ಪ್ರೊಫೆಸರ್ ಸೋಫಾದಲ್ಲಿ ಕೂತು ಎಲೆಅಡಿಕೆ ಜಗಿಯುತ್ತಿದ್ದರು. ನನ್ನ ವಿಷಯ ಕೇಳಲಿಲ್ಲ. "ನೀವು ಯಾವ ಪೈಕಿ?" ಎಂದರು. ನಾನು ಹೇಳಿದ ಜಾತಿ ಹಿಡಿಸಿತೋ ಏನೋ, "ಸೀಟು ನಿಂದ ಅಂತ ತಿಳಿ" ಎಂದರು. ನಾನು ಹಿಗ್ಗಿದೆ. ಅಷ್ಟರಲ್ಲಿ ಅವರು ಸ್ಟೀಲ್ ಲೋಟದೊಳಗೆ ಪಿಚಕ್ಕನೆ ಉಗುಳಿ ಕೈ ಚಾಚಿದರು. ಅಡುಗೆಮನೆಯಿಂದ ಒಬ್ಬ ಹುಡುಗಿ ಓಡಿಬಂದು ಆ ಲೋಟ ಇಸಿದುಕೊಂಡಳು. ಕೆಂಪು ರಸ ಅವಳ ಹೆಬ್ಬೆರಳಿಗೆ ಹತ್ತಿತು.

"ನಮ್ಮ ಪಿಎಚ್.ಡಿ. ಸ್ಟೂಡೆಂಟ್. ಮಗಳಿದ್ಹಂಗ" ಎಂದರು ಪ್ರೊಫೆಸರ್.

ಮೇಡಂ ಎದ್ದು ನಿಂತರು. "ಮಗಳ ಕೈಯಾಗ ಉಗುಳು ಕೊಡ್ತಾರೇನ್ರಿ ಸರ್? ನಿಮ್ಮ ಲೋಟಾ ನೀವ ತೊಳಕೋರಿ."

"ನೀ ಇನ್ನೂ ಗೆಸ್ಟ್ ಲೆಕ್ಚರರ್ ಅದಿ ಅಲ್ಲಾ?" ಅವರು ನಗುತ್ತಲೇ ಕೇಳಿದರು.

"ಹೌದ್ರಿ, ಗೆಸ್ಟ್ ಅದೀನಿ. ಅದಕ್ಕ ಎದ್ದು ಹೊಂಟೀನಿ."

ಕೈಗೆ ಬಂದ ಸೀಟು ಹೋಯಿತೆಂದು ಬಸ್ಸಿನಲ್ಲಿ ನಾನು ಅತ್ತೆ. ಮೇಡಂ ಕಿಟಕಿಯಾಚೆ ನೋಡುತ್ತ ಹೇಳಿದರು: "ನಾನೂ ಅದ ಮನ್ಯಾಗ ಆ ಲೋಟಾ ತೊಳದೀನಿ. ತಡಿಯಾಕಾಗದ ಪಿಎಚ್.ಡಿ. ಬಿಟ್ಟು ಬಂದೆ. ಇವತ್ತಿಗೂ ಒಮ್ಮೊಮ್ಮೆ ಉಣ್ಣಾಕ ಕುಂತಾಗ ಆ ವಾಸನಿ ಬರ್ತೈತಿ."

ಆಮೇಲೆ ಮೇಡಂ ಬೇರೆ ಬೇರೆ ವಿಶ್ವವಿದ್ಯಾಲಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ತಾವೇ ಫೋನ್ ಮಾಡಿದರು. "ನಿಮ್ಮ ಗೈಡ್ ಮನಿ ಕೆಲಸಾ ಹೇಳ್ತಾರೇನ್ರಿ?" ಎಂದು ನೇರವಾಗಿ ಕೇಳುತ್ತಿದ್ದರು. ಕೆಲವರು ತಡವರಿಸಿದರು, ಕೆಲವರು ಫೋನ್ ಇಟ್ಟುಬಿಟ್ಟರು. ಒಬ್ಬ ಮಾರ್ಗದರ್ಶಕರಂತೂ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನೇ ಮನೆಗೆ ಕರೆಯುತ್ತಾರೆಂದು ಕೇಳಿ ಮೇಡಂ ಅಂಗಳಕ್ಕೆ ಹೋಗಿ ಥೂ ಎಂದು ಉಗಿದು ಬಂದರು. ಹೈದರಾಬಾದಿನಲ್ಲಿ ಓದುತ್ತಿದ್ದ ರಾಯಚೂರಿನ ಹುಡುಗನೊಬ್ಬ ಮಾತ್ರ ತನ್ನ ಗೈಡ್ ಬಗ್ಗೆ, "ಭಾಳ ಬೈತಾರ್ರಿ. ಆದ್ರ ಬರದದ್ದು ಪೂರಾ ಓದಿ ಬೈತಾರ" ಎಂದ.

"ಅಲ್ಲಿ ಹಾಕು" ಎಂದರು ಮೇಡಂ.

ಅಲ್ಲಿಯೇ ನನಗೆ ಸೀಟು ಸಿಕ್ಕಿತು. ಪಿಎಚ್.ಡಿ. ಇಲ್ಲದ ಮೇಡಂ ಕೊನೆತನಕ ಅತಿಥಿಯಾಗಿಯೇ ಉಳಿದರು. ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಬಂದಾಗ ನಾನು ಗೈಡ್ ಎದುರು ಕೂತಿದ್ದೆ. ರಜೆ ಕೇಳುವ ಮೊದಲೇ ಅವರು ಎದ್ದು, ನನ್ನನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದು, ನೀರಿನ ಬಾಟಲಿ ಕೊಟ್ಟು ಕೊಪ್ಪಳದ ಬಸ್ಸು ಹತ್ತಿಸಿದರು. ಮಣ್ಣು ಮಾಡುವ ಮೊದಲು ಮೇಡಂ ಮುಖ ನನಗೆ ನೋಡಲು ಸಿಕ್ಕಿತು.