ಎದೆಗೆ ಕಿವಿಗೊಡದವರು

ನನ್ನ ಅಕ್ಕನನ್ನು ನಾರಾಯಣಪೇಟೆಯ ರೇಷ್ಮೆ ನೂಲಿನ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದರು. ನಮ್ಮ ತವರು ಮಕ್ತಲ್. ಅವಳ ಮಗಳು ಇನ್ನೂ ಮೊಲೆಹಾಲು ಕುಡಿಯುವ ಕೂಸಾಗಿದ್ದಾಗ ಬಾಣಂತನಕ್ಕೆ ನೆರವಾಗಲೆಂದು ನನ್ನನ್ನು ಅಲ್ಲಿಗೆ ಕಳಿಸಿದರು. ನನಗೂ ಗಂಡು ನೋಡುತ್ತಿದ್ದ ವಯಸ್ಸು. ಅಲ್ಲಿ ಕಂಡದ್ದೆಲ್ಲ ನನಗೆ ಸರಿಯಾಗಿಯೇ ಅರ್ಥವಾಗಿದೆ, ಇವತ್ತಿಗೂ ಮರೆತಿಲ್ಲ.

ಅಕ್ಕ ಬಾವಿಯಿಂದ ಕೊಡ ತಂದರೆ ಹೊಸ್ತಿಲ ಮೇಲೆ ಕುಸಿದು ಕೂರುತ್ತಿದ್ದಳು. ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಗೋಡೆಗೆ ಒರಗಿಯೇ ಕಣ್ಣು ಮುಚ್ಚುತ್ತಿದ್ದಳು. ಸಂಜೆಯಾದರೆ ಕಾಲು ಬಾತುಕೊಳ್ಳುತ್ತಿದ್ದವು. ಅವಳ ಅತ್ತೆ ಅದನ್ನು ಮೈಗಳ್ಳತನವೆಂದಳು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಕೆಮ್ಮಿದಾಗ ಸೆರಗೆಲ್ಲ ರಕ್ತವಾಯಿತು. ಆಗ ಮನೆಯವರಿಗೆ ಡಾಕ್ಟರು ನೆನಪಾದರು.

ಪೇಟೆಯಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ಡಾಕ್ಟರ್ ಸಾಹೇಬರೊಬ್ಬರ ಹತ್ತಿರ ಕರೆದೊಯ್ದರು. ಅಕ್ಕನನ್ನು ಪರದೆಯ ಹಿಂದೆ ಕೂರಿಸಿದರು. ಸಾಹೇಬರು ಉರ್ದುವಿನಲ್ಲಿ ಕೇಳಿದ್ದು ಅಕ್ಕನ ಗಂಡನನ್ನು, ಉತ್ತರ ಹೇಳಿದ್ದೂ ಅವನೇ. ಅವನನ್ನು ನಾನು ಮಾಮ ಎನ್ನುತ್ತಿದ್ದೆ. ಕೆಮ್ಮು ಐತೇ? ಐತಿ. ರಕ್ತ ಬಂತೇ? ಬಂತು. ಪರದೆಯ ಹಿಂದಿನಿಂದ ಅಕ್ಕ, "ಎದಿ ಒಳಗ ಏನೋ ಗುದ್ದಿದಂಗ ಆಗತೈತಿ, ಅದನ್ನೂ ಹೇಳ್ರಿ" ಎಂದಳು. ಮಾಮ ಹೇಳಲಿಲ್ಲ.

ಸಾಹೇಬರ ಕೊರಳಲ್ಲಿ ಎದೆ ನೋಡುವ ನಳಿಗೆ ನೇತಾಡುತ್ತಿತ್ತು. ನಾನು ತಡೆಯಲಾರದೆ, "ಸಾಬ್ರ, ಒಂದ್ಸಲ ಎದಿ ನೋಡ್ರಿ" ಎಂದೆ. ಮಾಮ ನನ್ನತ್ತ ಕಣ್ಣು ಕೆಕ್ಕರಿಸಿದ. "ಮರ್ಯಾದಿ ಇರೋ ಮನಿ ಹೆಣ್ಮಗಳು ಆಕಿ. ಸುಮ್ನ ಕೂಡು." ಸಾಹೇಬರಿಗೂ ಅಷ್ಟೇ ಸಾಕಾಗಿತ್ತು. "ದಿಖ್" ಎಂದು ಕೈ ತೊಳೆದುಕೊಂಡರು. ಮುಟ್ಟದ ಕೈಯನ್ನು ತೊಳೆದುಕೊಂಡರು. ದಿಖ್ ಎಂದರೆ ಕ್ಷಯ.

ಅವತ್ತೇ ಅಕ್ಕನನ್ನು ಹಿತ್ತಲ ಕೊಟ್ಟಿಗೆಗೆ ಹಾಕಿದರು. ಕೂಸನ್ನು ಕಸಿದುಕೊಂಡು ಆಕಳ ಹಾಲಿಗೆ ಹಚ್ಚಿದರು. ಅದು ಅತ್ತಾಗಲೆಲ್ಲ ಅಕ್ಕನ ರವಿಕೆ ನೆನೆಯುತ್ತಿತ್ತು. ನಾನು ಅವಳ ಪಕ್ಕ ಕೂತೆನೆಂದು ನನ್ನನ್ನೂ ಮಕ್ತಲಿಗೆ ಅಟ್ಟಿದರು.

ಊರಿಗೆ ಬಂದು ಎಲ್ಲ ಹೇಳಿದರೆ ಅಪ್ಪ, "ಡಾಕ್ಟರ್ ಹೇಳಿದ ಮ್ಯಾಗ ನಾವೇನು ಮಾಡಾಕ ಬರತೈತಿ?" ಎಂದ. ನನಗೆ ಅವನ ಮೇಲೂ ಸಿಟ್ಟು ಬಂತು. ದಿನಾ ಜಗಳ ತೆಗೆದೆ. ಕೊನೆಗೆ ಮಳೆಗಾಲ ಮುಗಿಯುವ ಹೊತ್ತಿಗೆ, ನೋಡಿಕೊಂಡು ಬರುತ್ತೇನೆಂದು ಹೋದವನು ಬಂಡಿಯಲ್ಲಿ ಅಕ್ಕನನ್ನು ಕೂರಿಸಿಕೊಂಡೇ ಬಂದ. ಅವಳ ಅತ್ತೆ ಊಟದ ತಾಟನ್ನು ಕೋಲಿನಿಂದ ತಳ್ಳುವುದನ್ನು ಕಣ್ಣಾರೆ ಕಂಡಿದ್ದನಂತೆ. ಕೂಸನ್ನು ಮಾತ್ರ ಅವರು ಕೊಟ್ಟಿರಲಿಲ್ಲ.

ಅಪ್ಪ ನಮ್ಮಿಬ್ಬರನ್ನೂ ರೈಲಿನಲ್ಲಿ ಹೈದರಾಬಾದಿನ ದೊಡ್ಡ ದವಾಖಾನೆಗೆ ಕರೆದೊಯ್ದ. ಅಲ್ಲಿ ನೋಡಿದವರು ಒಬ್ಬ ಲೇಡಿ ಡಾಕ್ಟರು, ತೆಲುಗಿನವರು. ಅಪ್ಪನನ್ನು ಹೊರಗೆ ಕಳಿಸಿ, ಅಕ್ಕನನ್ನೇ ಮಾತಾಡಿಸಿದರು. ಎಡ ಮಗ್ಗುಲಿಗೆ ಮಲಗಿಸಿ, ನಳಿಗೆ ಇಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಬೆನ್ನಿಗೂ ಇಟ್ಟು ಕೇಳಿದರು. ಸಣ್ಣವಳಿದ್ದಾಗ ಜ್ವರ ಬಂದು ಕೀಲು ಬಾತಿತ್ತೇ ಎಂದರು. ಬಾತಿತ್ತು, ಎರಡೂ ಮೊಣಕಾಲು. ಕಫ ಪರೀಕ್ಷೆಗೆ ಕಳಿಸಿ, ಎದೆಯ ಫೋಟೋ ತೆಗೆಸಿದರು. ಮರುದಿನ ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು, "ಇದಿ ಗುಂಡೆ ಜಬ್ಬಮ್ಮಾ" ಎಂದರು. ಕ್ಷಯವಲ್ಲ, ಹೃದಯದ ಕಾಯಿಲೆ. ಹೃದಯದೊಳಗಿನ ಒಂದು ಬಾಗಿಲು ಕಿರಿದಾಗಿದೆ, ರಕ್ತ ಮುಂದೆ ಹೋಗಲಾರದೆ ಹಿಂದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಕೆಮ್ಮಿನಲ್ಲಿ ಬಂದದ್ದು ಅದೇ ಎಂದು ಬಿಡಿಸಿ ಹೇಳಿದರು.

ಅಕ್ಕ ಕೇಳಿದ್ದು ಒಂದೇ. "ಇದು ಮಂದಿಗೆ ಹತ್ತತೈತೇನ್ರಿ?"

"ಯಾರಿಗೂ ಹತ್ತದು."

"ಕೂಸಿಗೆ?"

"ಹತ್ತದಮ್ಮಾ."

ಅಲ್ಲಿಯೇ ಇರಿಸಿಕೊಂಡು ಔಷಧ ಕೊಟ್ಟರು. ಕಾಲಿನ ಬಾವು ಇಳಿಯಿತು, ಅಕ್ಕ ಮಲಗಿ ನಿದ್ದೆ ಮಾಡಿದಳು. ಉಪ್ಪು ಬೇಡ, ಕೊಡ ಹೊರುವುದು ಬೇಡ, ಇನ್ನೊಂದು ಬಸಿರು ಬೇಡವೇ ಬೇಡ ಎಂದು ಕಳಿಸಿದರು.

ಅಕ್ಕ ಮಕ್ತಲಿಗೆ ಬರಲು ಒಪ್ಪಲಿಲ್ಲ. ನೇರ ನಾರಾಯಣಪೇಟೆಗೆ ಹೋದೆವು. ಅತ್ತೆ ಬಾಗಿಲಲ್ಲೇ ಅಡ್ಡ ನಿಂತಳು. ಅಪ್ಪ ಫೋಟೋ ತೋರಿಸಿ ಹೇಳುವಷ್ಟೂ ಹೇಳಿದ. ಮಾಮ ಅದನ್ನು ತನ್ನ ಡಾಕ್ಟರ್ ಸಾಹೇಬರಿಗೆ ತೋರಿಸಲು ಒಯ್ದ. ಅಪ್ಪನೂ ನಾನೂ ಹಿಂದೆಯೇ ಹೋದೆವು. ಸಾಹೇಬರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಮಡಿಲಿಗೆ ಇಳಿಸಿಕೊಂಡರು. ಆಮೇಲೆ, ಇದೂ ಎದೆಯ ರೋಗವೇ ತಾನೇ, ದೂರ ಇಟ್ಟದ್ದರಿಂದ ನಷ್ಟವೇನಾಯಿತು ಎಂದರು. ನಷ್ಟವೇನೆಂದು ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾಮ ಅವರಿಗೆ ಕೈಮುಗಿದು ಎದ್ದಿದ್ದ.

ನಾವು ಮನೆಗೆ ಮರಳಿದಾಗ ಅಕ್ಕ ಅತ್ತೆಯನ್ನು ಸರಿಸಿ ಒಳಗೆ ಹೋಗಿದ್ದಳು. ಮಗಳನ್ನು ಎತ್ತಿಕೊಂಡಿದ್ದಳು. ಕೂಸಿಗೆ ತಾಯಿಯ ಗುರುತೇ ಇರಲಿಲ್ಲ; ಕಿರುಚಿ ಅತ್ತೆಯತ್ತ ಕೈ ಚಾಚುತ್ತಿತ್ತು. ಅಕ್ಕ ಬಿಡಲಿಲ್ಲ.

"ಎಲ್ಲಿಗೆ ಒಯ್ತಿ ಅದನ್ನ?" ಎಂದ ಮಾಮ.

"ನನ್ನ ಕೂಡ. ನೀವು ಇನ್ನೊಂದು ಲಗ್ನ ಮಾಡ್ಕೋರಿ. ಈಕಿನ್ನ ಕೇಳಾಕ ಬರಬ್ಯಾಡ್ರಿ."

ಅವನು ಹಾಗೆಯೇ ಮಾಡಿಕೊಂಡ. ಅಕ್ಕ ನಮ್ಮಲ್ಲೇ ಉಳಿದಳು. ಕಿರಿದಾದ ಆ ಬಾಗಿಲನ್ನು ತೆರೆಯುವ ವಿದ್ಯೆ ಆಗ ನಮ್ಮ ಸೀಮೆಗೆ ಬಂದಿರಲಿಲ್ಲ. ಆದರೂ ಮಗಳು ತನ್ನ ಜಡೆ ತಾನೇ ಹೆಣೆದುಕೊಳ್ಳುವ ತನಕ ಅಕ್ಕ ಬದುಕಿದಳು. ಆ ವರ್ಷಗಳಲ್ಲಿ ಕೂಸು ಅವಳ ಮಗ್ಗುಲಲ್ಲೇ ಮಲಗುತ್ತಿತ್ತು.

ಅವಳು ತೀರಿಕೊಂಡ ದಿನ ಮಾಮ ಬಂದ. ಅಂಗಳದ ತುದಿಯಲ್ಲಿ, ಹೆಗಲ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ನಿಂತ. ಮಂದಿ ಎಲ್ಲ ನೋಡುತ್ತಿದ್ದರು. ನಾನು ಹತ್ತಿರ ಹೋಗಿ, "ಬಟ್ಟಿ ತೆಗೀರಿ ಮಾಮ, ಇಲ್ಲಾ ನಡೀರಿ" ಎಂದೆ. ಅವನು ತೆಗೆಯಲಿಲ್ಲ. ಸ್ವಲ್ಪ ಹೊತ್ತು ನಿಂತು, ಮಗಳ ಮುಖವನ್ನೂ ನೋಡದೆ ಹೊರಟುಹೋದ.