ಪ್ರಸೀತೆಯ ಕ್ಯಾಮೆರಾ ಕಂಡ ಹೊಟ್ಟೆಗಳು

ಕಣ್ಣೂರಿನ ಹೊರಗಿನ ನೇಯ್ಗೆ ಸಂಘದಲ್ಲಿ ನೂಲು ಸುತ್ತುವ ಪ್ರಸೀತೆಗೆ ಮನುಷ್ಯರಿಗಿಂತ ಮಗ್ಗದ ಮೇಲೆ ಗೌರವ ಹೆಚ್ಚು. ಮಗ್ಗ ಸದ್ದು ಮಾಡಿದರೆ ಬಟ್ಟೆಯಾದರೂ ಹುಟ್ಟುತ್ತದೆ. ಊರಿನ ಭಾಷಣಕಾರರಿಂದ ಅಷ್ಟೂ ಇಲ್ಲ. ಎಳವೆಯಲ್ಲೇ ಪೋಲಿಯೊ ಅವಳ ಕಾಲು ಕಸಿದಿತ್ತು. ಅಮ್ಮನಿಗೆ ಎತ್ತಿಕೊಂಡು ಹೋಗಲು ಆಗುವವರೆಗೆ ಶಾಲೆ ನಡೆಯಿತು. ಐದನೆಯ ತರಗತಿ ಮಹಡಿಯ ಮೇಲಿತ್ತು. ಅಲ್ಲಿಗೆ ಓದು ಮುಗಿಯಿತು. ಗೋಡೆಗಳ ಮೇಲೆ ಸಮಾನತೆಯ ಘೋಷಣೆಗಳನ್ನು ಕಂಡಾಗಲೆಲ್ಲ ಅವಳು ಕೂಡಿಸಿ ಕೂಡಿಸಿ ಓದಿ, ತುಟಿ ಕೊಂಕಿಸುತ್ತಿದ್ದಳು.

ನಡುವಯಸ್ಸಿನಲ್ಲಿ ಅವಳಿಗೊಂದು ಕರೆ ಬಂತು. ಫಿಲ್ಮ್ ಸೊಸೈಟಿಯ ಉತ್ತಮನ್ ಮಾಷ್, ನಿವೃತ್ತ ಮೇಷ್ಟ್ರು, ಶಾಲೆಯಿಂದ ಹೊರಗುಳಿದವರಿಗೆಂದು ರಾಜಕೀಯ ಸಿನಿಮಾ ಶಿಬಿರ ಏರ್ಪಡಿಸಿದ್ದರು. ನಡೆದದ್ದು ವಾಚನಾಲಯದ ಮಹಡಿಯಲ್ಲಿ. ಇಬ್ಬರು ಹುಡುಗರು ಅವಳನ್ನು ಗಾಲಿ ಕುರ್ಚಿ ಸಮೇತ ಅಕ್ಕಿ ಮೂಟೆಯಂತೆ ಹೊತ್ತು ಹತ್ತಿಸಿದರು. ಕೆಳಗಿನ ಕೋಣೆಯಲ್ಲೇಕೆ ಮಾಡಲಿಲ್ಲವೆಂದು ಕೇಳಿದರೆ, ಅಲ್ಲಿ ಕೇರಂ ಆಡುತ್ತಾರಂತೆ.

ಮೊದಲ ದಿನ ದೂರದ ದೇಶದ ಮುಷ್ಕರದ ಚಿತ್ರ ತೋರಿಸಿದರು. ದೀಪ ಹಾಕಿ, ಏನನ್ನಿಸಿತೆಂದು ಮಾಷ್ ಒಬ್ಬೊಬ್ಬರನ್ನೇ ಕೇಳುತ್ತ ಬಂದರು.

"ಮಾಷೇ, ಅಷ್ಟು ದೊಡ್ಡ ಮೆರವಣಿಗೇಲಿ ಒಬ್ಬ ಕುಂಟನೂ ಇರ್ಲಿಲ್ಲ," ಎಂದಳು ಪ್ರಸೀತೆ. "ಅವರನ್ನೆಲ್ಲ ಮನೆ ಕಾಯೋಕೆ ಬಿಟ್ಟು ಬಂದಿದ್ರಾ?"

ಮಾಷ್ ನಕ್ಕು, ಇದು ಬಹಳ ಆಳವಾದ ಪ್ರಶ್ನೆ ಎಂದರು, ಮುಂದಿನವರತ್ತ ತಿರುಗಿದರು.

ಪ್ರತಿಯೊಬ್ಬರೂ ಒಂದು ಕಿರುಚಿತ್ರ ಮಾಡಬೇಕಿತ್ತು. ಅವಳು ಸೊಸೈಟಿ ಕೊಟ್ಟ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೂತಲ್ಲಿಂದಲೇ ಚಿತ್ರ ಹಿಡಿದಳು. ಸಿಕ್ಕಿದ್ದು ಹೊಟ್ಟೆಗಳು, ಕೇಳದೆಯೇ ತಲೆ ಸವರುವ ಕೈಗಳು, ಮೂತಿಯ ಹತ್ತಿರವೇ ಅಲ್ಲಾಡುವ ಮುಂಡು ಪಂಚೆಗಳ ಅಂಚುಗಳು. ಅವಳ ತಲೆಯ ಮೇಲೆಯೇ ಮಾಷ್ ಫೋಟೋದವನಿಗೆ ಪಿಸುಗುಟ್ಟಿದ್ದೂ ದಾಖಲಾಯಿತು: "ಗಾಲಿ ಕುರ್ಚಿ ಪೂರ್ತಿ ಬರ್ಲಿ. ಮುಖ ಅರ್ಧ ಬಂದ್ರೂ ಸಾಕು."

ಸಮಾರೋಪದ ದಿನ ಅವಳ ಚಿತ್ರ ತೋರಿಸಿದಾಗ ಆ ಮಾತು ಸಭೆಯಲ್ಲಿ ಗಟ್ಟಿಯಾಗಿ ಕೇಳಿಸಿತು. ಜನ ಬಿದ್ದು ಬಿದ್ದು ನಕ್ಕರು. ಮಾಷ್ ನಾಚಿ ಕುಗ್ಗುತ್ತಾರೆಂದು ಪ್ರಸೀತೆ ಕಾದಳು. ಅವರೋ ಎದ್ದು ಮೈಕ್ ಹಿಡಿದು, ಇದು ನಮ್ಮ ಶಿಬಿರದ ಆತ್ಮವಿಮರ್ಶೆ, ಈ ಧೈರ್ಯವನ್ನು ಕಲಿಸಿದ್ದೇ ನಾವು ಎಂದು ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಊರೂರು ಸುತ್ತಿದರು. ತಾನೂ ಬರುತ್ತೇನೆಂದು ಅವಳು ಅಂದಾಗ, "ಪ್ರಯಾಣ ನಿನಗೆ ಕಷ್ಟ ಆಗುತ್ತಲ್ವಾ, ಪ್ರಸೀತೇ?" ಎಂದು ಮರುಗಿದರು.

"ನಿಮ್ಮ ಮಾತು ಕೇಳೋದಕ್ಕಿಂತ ಕಷ್ಟ ಇರಲ್ಲ ಬಿಡಿ, ಮಾಷೇ," ಎಂದಳು. ಸೊಸೈಟಿಯ ಕ್ಯಾಮೆರಾವನ್ನು ಮಾತ್ರ ಹಿಂದಿರುಗಿಸಲಿಲ್ಲ. ಅವಳ ಚಿತ್ರದಿಂದಲೇ ಹೆಸರು ಮಾಡಿದ್ದ ಮಾಷ್ ಅದನ್ನು ವಾಪಸು ಕೇಳುವ ಬಾಯಿ ಕಳೆದುಕೊಂಡಿದ್ದರು.

ಭಾನುವಾರಗಳಲ್ಲಿ ನೇಯ್ಗೆ ಶೆಡ್ಡಿನ ಸಮತಟ್ಟು ನೆಲದ ಮೇಲೆ ಆ ಕ್ಯಾಮೆರಾದಲ್ಲಿ ಚಿತ್ರ ಹಿಡಿಯಲು ಮಕ್ಕಳು ಸೇರತೊಡಗಿದರು: ಶಾಲೆ ಬೇಡವೆಂದವರು, ಶಾಲೆಗೇ ಬೇಡವಾದವರು. ಅಲ್ಲಿ ಭಾಷಣವಿರಲಿಲ್ಲ, ಚರ್ಚೆಯಿರಲಿಲ್ಲ. ಹಾಲಿಲ್ಲದ ಕಟ್ಟನ್ ಚಾಯ, ಕಪ್ಪ ಎಂಬ ಬೇಯಿಸಿದ ಮರಗೆಣಸು, ಜೊತೆಗೆ ಪ್ರಸೀತೆಯ ಬೈಗುಳ. ಕಿವಿ ಕೇಳದ ರೈಹಾನತ್ ಎಂಬ ಹುಡುಗಿ ಎಲ್ಲರಿಗಿಂತ ಮೊದಲು ಚಿತ್ರ ಮುಗಿಸಿದಳು. ಅದರಲ್ಲಿ ಸದ್ದೇ ಇಲ್ಲ. ಉದ್ದಕ್ಕೂ ಒಂದೇ ಒಂದು ಬಾಯಿ: ಕೊಂಕುತ್ತದೆ, ಸೊಟ್ಟಗಾಗುತ್ತದೆ, ಹಲ್ಲು ಕಡಿಯುತ್ತದೆ, ಯಾರನ್ನೋ ಹೀಯಾಳಿಸುತ್ತದೆ. ಅದು ಪ್ರಸೀತೆಯ ಬಾಯಿ.

ಪ್ರಸೀತೆಗೆ ಕೆನ್ನೆಗೆ ಹೊಡೆದಂತಾಗಿತ್ತು. ಹುಡುಗಿಯತ್ತ ತಿರುಗಿ, ತನ್ನ ತುಟಿ ತೋರಿಸಿ, ನಿಜವಾಗಿಯೂ ಇಷ್ಟು ಕೆಟ್ಟದಾಗಿದೆಯೇ ಎಂದು ಕೈಸನ್ನೆಯಲ್ಲಿ ಕೇಳಿದಳು. ರೈಹಾನತ್ ಸ್ವಲ್ಪ ಯೋಚಿಸಿ ಹೌದೆಂದು ತಲೆಯಾಡಿಸಿದಳು.

ಪ್ರಸೀತೆ ಅದರಲ್ಲಿ ಒಂದು ಚೂರನ್ನೂ ಕತ್ತರಿಸಲು ಬಿಡಲಿಲ್ಲ. ಮರುವಾರ ನೇಕಾರರನ್ನೆಲ್ಲ ಕರೆದು ತೋರಿಸಿದಳು. ಎಲ್ಲರೂ ನಗುವಾಗ ತಾನು ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಹುಡುಗಿಯನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದಳು.